ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು

ಅತ್ತೆಯ ಮದುವೆ ಕ್ಯಾಸೆಟ್ಟಿನಲ್ಲಿ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಪರದೆಯ ಬುಡದಿಂದ ಒಂದು ಮಂಕು ಪಟ್ಟಿ ಮೇಲಕ್ಕೆ ತೇಲಿತು. ಹೆಣ್ಣುಗಂಡಿನ ಮುಖದ ಮೇಲೆ ನಿಧಾನವಾಗಿ ಹಾದು, ಚಪ್ಪರದ ಮಾವಿನ ತೋರಣ ದಾಟಿ ಮಾಯವಾಯಿತು. ಹಿಂದೆಯೇ ಇನ್ನೊಂದು ಹೊರಟಿತು. ವಿಸಿಆರ್‌ನ ಹೆಡ್ ಒರೆಸಿದೆ, ಹಳದಿ ಪಿನ್ನಿನ ವೈರು ಬದಲಿಸಿದೆ, ಕಂಪ್ಯೂಟರ್ ಬಿಚ್ಚಿ, ಟೇಪಿನ ಚಿತ್ರವನ್ನು ಅದಕ್ಕೆ ಇಳಿಸುವ ಕ್ಯಾಪ್ಚರ್ ಕಾರ್ಡನ್ನು ಕಿತ್ತು ಮತ್ತೆ ಕೂರಿಸಿದೆ. ಪಟ್ಟಿ ಜಗ್ಗಲಿಲ್ಲ.

ನಾವಿರುವುದು ದೊಡ್ಡಬಳ್ಳಾಪುರದಲ್ಲಿ. ಗೋಡೆಯ ಆಚೆ ಪಕ್ಕದ ಮನೆಯವರ ವಿದ್ಯುತ್ ಮಗ್ಗಗಳು ಬೆಳಗಿನಿಂದ ಬಡಿಯುತ್ತಲೇ ಇರುತ್ತವೆ. ಮೋಟಾರುಗಳ ಕರಾಮತ್ತೇ ಇದು ಎಂದು ತೀರ್ಮಾನಿಸಿ, ಮಗ್ಗದವರು ಊಟಕ್ಕೆ ಏಳುವುದನ್ನೇ ಕಾಯುತ್ತ ಕೂತೆ. ಒಂದೂವರೆಗೆ ಮಗ್ಗಗಳು ನಿಂತವು. ಕಿವಿಯಲ್ಲಿ ಗುಂಯ್ ಎನ್ನುವ ಮೌನ. ಪರದೆಯ ಮೇಲೆ ಪಟ್ಟಿ ಮಾತ್ರ ಆರಾಮಾಗಿ ಮೇಲೇರುತ್ತಲೇ ಇತ್ತು.

ತಪ್ಪು ಇದ್ದದ್ದು ನನ್ನ ಬೆನ್ನ ಹಿಂದೆ. ಎಂದೋ ಸಂಪರ್ಕ ಕಡಿದುಕೊಂಡಿದ್ದ ಕೇಬಲ್ ಟಿವಿಯ ಕಪ್ಪು ವೈರು ಇನ್ನೂ ವಿಸಿಆರ್‌ನ ಬೆನ್ನಿಗೆ ಅಂಟಿಕೊಂಡಿತ್ತು. ಆ ವೈರಿನ ಹೊರಕವಚಕ್ಕೆ ಬೀದಿಕಂಬದ ಕಡೆಯ ಅರ್ಥಿಂಗ್, ಕಂಪ್ಯೂಟರಿಗೆ ಮನೆಯ ಅರ್ಥಿಂಗ್. ಎರಡು ಭೂಮಿಗಳ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದರೆ ಸಾಕು, ಚಿತ್ರ ಸಾಗುವ ವೈರಿನಲ್ಲೇ ಕರೆಂಟು ಸುತ್ತು ಹೊಡೆಯಲು ಶುರುವಾಗುತ್ತದೆ. ಕ್ಯಾಸೆಟ್ಟಿನ ಚಿತ್ರ ಸೆಕೆಂಡಿಗೆ ಕರಾರುವಾಕ್ಕಾಗಿ 50 ಸಲ ಪರದೆ ತುಂಬುತ್ತದೆ. ನಮ್ಮ ವಿದ್ಯುತ್ ಜಾಲದ ಕಂಪನಾಂಕ 49.90ರಿಂದ 50.05ರ ನಡುವೆ ಓಲಾಡಲು ನಿಯಮದಲ್ಲೇ ಅವಕಾಶವಿದೆ. ಈ ಕೂದಲೆಳೆಯ ಅಂತರವೇ ಪಟ್ಟಿಯ ನಡಿಗೆ. ಸಂಜೆ ಲೋಡು ಹೆಚ್ಚಾದಾಗ ಅದು ತಿರುಗಿ ಕೆಳಕ್ಕೆ ಹರಿಯುವುದನ್ನೂ ನೋಡಬಹುದು. ಕೇಬಲ್ ಕಿತ್ತೆ, ಪಟ್ಟಿ ಹೋಯಿತು. ಪಕ್ಕದ ಮನೆಯವರನ್ನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ಕ್ಯಾಪ್ಚರ್ ಕಾರ್ಡ್ ಹಾಕಿಸಿಕೊಳ್ಳುವುದು ಎಂದರೆ ಅಂಗಡಿಯಿಂದ ಒಂದು ಕಾರ್ಡು ತಂದು ಸ್ಲಾಟಿಗೆ ಸಿಕ್ಕಿಸುವುದು ಎಂದೇ ನಾನೂ ತಿಳಿದಿದ್ದೆ. ಆ ಕೆಲಸಕ್ಕೆ ಹತ್ತು ನಿಮಿಷ ಹಿಡಿಯಿತು. ಉಳಿದ ಮೂರು ವಾರ ಕಾರ್ಡಿನ ಆಚೆ ಈಚೆ ಇರುವ ಸಂಗತಿಗಳ ಜತೆ ಗುದ್ದಾಡಿದ್ದು.

ಕಾರ್ಡು ಮಾಡುವುದೇನು ಎಂಬುದನ್ನು ಮಗ್ಗದ ಊರಿನಲ್ಲಿ ವಿವರಿಸುವುದು ಸುಲಭ. ನಮ್ಮ ಕಡೆಯ ಹಳೆಯ ಟಿವಿ ಚಿತ್ರವೆಂದರೆ 625 ಎಳೆಗಳ ನೇಯ್ಗೆ. ಅದರಲ್ಲಿ ಕಣ್ಣಿಗೆ ಕಾಣುವುದು 576, ಮಿಕ್ಕವು ಅಂಚಿನ ಲೆಕ್ಕಕ್ಕೆ. ಲಾಳಿ ಒಮ್ಮೆ ಎಡದಿಂದ ಬಲಕ್ಕೆ ಹೋದರೆ ಹೊಕ್ಕಿನ ಒಂದು ಎಳೆ. ಆದರೆ ಟಿವಿ ಎಳೆಗಳನ್ನು ಸಾಲಾಗಿ ಹಾಕುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಎಳೆ ಹಾಕಿ ಬುಡ ಮುಟ್ಟುತ್ತದೆ, ಮತ್ತೆ ಮೇಲಿನಿಂದ ಬಂದು ಬಿಟ್ಟ ಸಂದುಗಳನ್ನು ತುಂಬುತ್ತದೆ. ಇಂಥ ಎರಡು ಅರೆ ನೇಯ್ಗೆ ಸೇರಿ ಒಂದು ಫ್ರೇಮು, ಸೆಕೆಂಡಿಗೆ 25 ಫ್ರೇಮು. ಟೇಪಿನ ಮೇಲೆ ಇದೆಲ್ಲ ಏರಿಳಿಯುವ ಕಾಂತೀಯ ಅಲೆಯಾಗಿ ಕೂತಿರುತ್ತದೆ. ಕಾರ್ಡಿನ ಕೆಲಸ ಆ ಅಲೆಯನ್ನು ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಅಳೆದು ಅಂಕಿ ಬರೆದುಕೊಳ್ಳುವುದು. ಹಾಗೆ ಅಳೆದಾಗ ಪ್ರತಿ ಎಳೆಗೆ 720 ಚುಕ್ಕೆ ಸಿಗುತ್ತವೆ. ಅಳತೆಯ ಈ ಪದ್ಧತಿಗೆ ಜಗತ್ತು ಒಪ್ಪಿದ್ದು 1982ರಲ್ಲಿ. ದೆಹಲಿಯ ಏಷ್ಯನ್ ಗೇಮ್ಸ್ ನೆಪದಲ್ಲಿ ನಮ್ಮ ದೂರದರ್ಶನಕ್ಕೆ ಬಣ್ಣ ಬಂದದ್ದೂ ಅದೇ ವರ್ಷ. ಬೆಂಗಳೂರು ದೂರದರ್ಶನಕ್ಕೆ ಆಗಿನ್ನೂ ಒಂದು ವರ್ಷ ತುಂಬಿತ್ತು ಅಷ್ಟೆ.

ಲೆಕ್ಕ ಹಾಕಿ ನೋಡಿ. 720 ಚುಕ್ಕೆ, 576 ಎಳೆ, ಚುಕ್ಕೆಗೆ 2 ಬೈಟು, ಸೆಕೆಂಡಿಗೆ 25 ಫ್ರೇಮು. ಸೆಕೆಂಡಿಗೆ ಸುಮಾರು 20.7 ಎಂಬಿ ಆಯಿತು, ಗಂಟೆಗೆ 75 ಜಿಬಿ. ಮದುವೆಯೊಂದಕ್ಕೆ ಮೂರು ಗಂಟೆಯ ಎರಡು ಕ್ಯಾಸೆಟ್ ಎಂದರೆ 450 ಜಿಬಿ. ದೊಡ್ಡ ಸಂಖ್ಯೆ ಎನ್ನಿಸಿದರೂ ಇವತ್ತಿನ ಕಂಪ್ಯೂಟರಿಗೆ ಇದು ಏನೇನೂ ಅಲ್ಲ. ಹಳೆಯ ಪಿಸಿಐ ಸ್ಲಾಟು ಕೂಡ ಸೆಕೆಂಡಿಗೆ 133 ಎಂಬಿ ಸಾಗಿಸುತ್ತಿತ್ತು. ಹಾಗಿರುವಾಗ ಕ್ಯಾಸೆಟ್ ಹಿಡಿಯಲು ಲಕ್ಷ ರೂಪಾಯಿಯ ವರ್ಕ್‌ಸ್ಟೇಷನ್ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಕಂಪ್ಯೂಟರ್ ಕೊಂಡದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ, ಸೆಕೆಂಡ್ ಹ್ಯಾಂಡು. ಐಟಿ ಕಂಪನಿಗಳ ಮೇಜಿನಡಿ ನಾಲ್ಕೈದು ವರ್ಷ ದುಡಿದು ನಿವೃತ್ತವಾದ ಗಟ್ಟಿ ಡಬ್ಬಗಳು ಅಲ್ಲಿ ಪೇರಿಸಿಟ್ಟಿರುತ್ತವೆ. ದಪ್ಪ ತಗಡು, ದೊಡ್ಡ ಪವರ್ ಸಪ್ಲೈ, ನಾಲ್ಕಾರು ಖಾಲಿ ಸ್ಲಾಟು. ಕೊಳ್ಳುವಾಗ ಪ್ರೊಸೆಸರಿಗಿಂತ ಮುಂಚೆ ಸ್ಲಾಟು ನೋಡಬೇಕು. ಉದ್ದನೆಯ ಸ್ಲಾಟು ಇದ್ದ ಮಾತ್ರಕ್ಕೆ ಒಳಗೆ ಅಷ್ಟೂ ದಾರಿ ಇರುತ್ತದೆಂದಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದ ತಕ್ಷಣ ಕೆಳಗಿನ ಸ್ಲಾಟು ಸತ್ತೇ ಹೋಗುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಅದು ಸಣ್ಣಕ್ಷರದಲ್ಲಿ ಇರುತ್ತದೆ. ಕಾರ್ಡು ಕಾಣಿಸುತ್ತಿಲ್ಲ ಎಂದು ಅಂಗಡಿಗೆ ವಾಪಸು ಹೊತ್ತೊಯ್ಯುವ ಮುಂಚೆ ಆ ಸಾಲು ಓದುವುದು ಒಳ್ಳೆಯದು.

ಕೂರಿಸುವ ವಿಧಾನ ಹೇಳಿಬಿಡುತ್ತೇನೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಂದೆರಡು ಸಲ ಒತ್ತಿ ಒಳಗಿನ ಉಳಿಕೆ ಕರೆಂಟು ಇಳಿಸಬೇಕು. ಕಾರ್ಡು ಮುಟ್ಟುವ ಮುನ್ನ ತಗಡಿನ ಡಬ್ಬ ಮುಟ್ಟಬೇಕು. ಬಯಲುಸೀಮೆಯ ಮಾಘದ ಒಣಹವೆಯಲ್ಲಿ ಉಣ್ಣೆ ಸ್ವೆಟರು ಹಾಕಿಕೊಂಡು ಈ ಕೆಲಸ ಬೇಡ. ಕಾರ್ಡಿನ ಎರಡು ತುದಿ ಹಿಡಿದು ನೇರವಾಗಿ ಒತ್ತಿ, ಸ್ಕ್ರೂ ಬಿಗಿದು, ಮುಚ್ಚಿ. ಇನ್ನು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ ಇದ್ದರೂ ಮನೆಯ ಹಿತ್ತಲಿನಲ್ಲಿ ಉಪ್ಪು ಇದ್ದಿಲು ತುಂಬಿದ ಗುಂಡಿ ಒಣಗಿಹೋಗಿದ್ದರೆ ಮೂರನೆಯ ಪಿನ್ನು ಅಲಂಕಾರಕ್ಕೆ ಅಷ್ಟೆ. ಬೇಸಿಗೆಯಲ್ಲಿ ಅದಕ್ಕೆ ನಾಲ್ಕು ಕೊಡ ನೀರು ಹುಯ್ಯಿರಿ.

ಹಳೆಯ ಕಾರ್ಡುಗಳ ದೊಡ್ಡ ತಾಪತ್ರಯ ಡ್ರೈವರ್. ಇಪ್ಪತ್ತು ವರ್ಷದ ಹಿಂದೆ ಟಿವಿ ಟ್ಯೂನರ್ ಎಂದು ಮಾರಾಟವಾದ, ಬ್ರೂಕ್‌ಟ್ರೀ 878 ಚಿಪ್ಪಿನ ಕಾರ್ಡುಗಳು ಗುಜರಿಯಲ್ಲಿ ಈಗಲೂ ಸಿಗುತ್ತವೆ. ಹೊಸ ವಿಂಡೋಸ್ ಅವುಗಳ ಮುಖ ನೋಡುವುದಿಲ್ಲ, ಲಿನಕ್ಸ್ ಮಾತ್ರ ಇವತ್ತಿಗೂ ಹೆಸರು ಹಿಡಿದು ಕರೆಯುತ್ತದೆ. ನನ್ನದು ಅಂಥದ್ದೇ ಒಂದು. ಚಿತ್ರ ಬಂತು, ಆದರೆ ಕಪ್ಪುಬಿಳುಪಾಗಿ, ಮೇಲಿಂದ ಕೆಳಕ್ಕೆ ಉರುಳುತ್ತ. ಸಾಫ್ಟ್‌ವೇರು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕೂತಿತ್ತು: 525 ಎಳೆ, ಸೆಕೆಂಡಿಗೆ 60 ಅರೆಚಿತ್ರ. ನಮ್ಮದು ಪಾಲ್. ಒಂದು ಆಯ್ಕೆ ಬದಲಿಸಿದೊಡನೆ ಅತ್ತೆಯ ಸೀರೆಗೆ ಕೆಂಪು ಬಂತು.

ಸೀರೆಗೆ ಬಣ್ಣ ಬಂದ ಮೇಲೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಒಂದು ಗಂಟೆ ರೆಕಾರ್ಡು ಮಾಡಿ ನೋಡಿದರೆ ಪುರೋಹಿತರ ತುಟಿ ಮುಂದೆ, ಮಂತ್ರ ಹಿಂದೆ. ಚಿತ್ರ ಕಾರ್ಡಿನ ಗಡಿಯಾರದಲ್ಲಿ ಓಡುತ್ತಿತ್ತು, ಧ್ವನಿ ಮದರ್‌ಬೋರ್ಡಿನ ಲೈನ್ ಇನ್‌ನ ಗಡಿಯಾರದಲ್ಲಿ. ಎರಡು ಗಡಿಯಾರ ಎಂದೂ ಒಂದೇ ಸಮ ಓಡುವುದಿಲ್ಲ. ಅದರ ಮೇಲೆ ಹಳೆಯ ಟೇಪು ಅಲ್ಲಲ್ಲಿ ಎಳೆ ತಪ್ಪಿಸುತ್ತದೆ. ಟಿವಿಯಾದರೆ ಹೊಂದಿಕೊಂಡು ಹೋಗುತ್ತಿತ್ತು; ಕಾರ್ಡು ಶಿಸ್ತಿನ ಮೇಷ್ಟ್ರು, ಎಳೆ ಸರಿಯಾದ ಹೊತ್ತಿಗೆ ಬರದಿದ್ದರೆ ಆ ಫ್ರೇಮನ್ನೇ ಗೈರುಹಾಜರಿ ಹಾಕುತ್ತದೆ. ಹಾಗೆ ಬಿದ್ದುಹೋದ ಫ್ರೇಮುಗಳು ಸೇರಿಯೇ ತುಟಿಗೂ ಮಾತಿಗೂ ಅಗಲಿಕೆ. ಇದಕ್ಕೆ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರವಿದೆ. ಅದು ಬಂದ ಎಳೆಗಳನ್ನು ಕ್ಷಣಹೊತ್ತು ತಡೆದು, ಸಾಲಾಗಿ ನಿಲ್ಲಿಸಿ, ತಾಳಕ್ಕೆ ಸರಿಯಾಗಿ ಮುಂದೆ ಬಿಡುತ್ತದೆ. ಬೆಲೆ ದುಬಾರಿ. ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಹೊಟ್ಟೆಯಲ್ಲಿ ಇಂಥದ್ದೇ ಒಂದು ವ್ಯವಸ್ಥೆ ಇದೆ. ವಿಸಿಆರ್ ಮತ್ತು ಕಾರ್ಡಿನ ನಡುವೆ ಅದನ್ನು ಸಿಕ್ಕಿಸಿ ಸುಮ್ಮನೆ ಹಾಯಿಸಿದರೂ ಸಾಕು, ಚಿತ್ರದಲ್ಲಿ ಬಾಗಿ ಕಾಣುತ್ತಿದ್ದ ಬಾಗಿಲುಗಳು ನೆಟ್ಟಗಾಗುತ್ತವೆ. ಸಂಬಂಧಿಕರೊಬ್ಬರ ಅಟ್ಟದಲ್ಲಿ ಒಂದು ಸಿಕ್ಕಿತು. ಧ್ವನಿಯ ವೈರನ್ನೂ ಕಾರ್ಡಿಗೇ ಕೊಟ್ಟೆ. ಪುರೋಹಿತರು ಸರಿಹೋದರು.

ಇಷ್ಟು ಹೊತ್ತಿಗೆ ನನಗೆ ಅರ್ಥವಾದದ್ದು ಇದು. ಕಾರ್ಡು ನಾಳೆಯೂ ಸಿಗುತ್ತದೆ, ನಾಡಿದ್ದು ಇನ್ನೂ ಅಗ್ಗವಾಗಿ ಸಿಗುತ್ತದೆ. ಸಿಗದೆ ಹೋಗುತ್ತಿರುವುದು ಡೆಕ್ಕು, ಅಂದರೆ ವಿಸಿಆರ್. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್ ಪದ್ಧತಿಯ ಕೊನೆಯ ಯಂತ್ರಗಳನ್ನು ಮಾಡುತ್ತಿದ್ದ ಫುನಾಯ್ 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಅಲ್ಲಿಂದೀಚೆ ಜಗತ್ತಿನಲ್ಲಿರುವುದೆಲ್ಲ ಹಳೆಯ ಡೆಕ್ಕುಗಳೇ. ಒಳಗಿನ ಉರುಳೆ ನಿಮಿಷಕ್ಕೆ 1500 ಸುತ್ತು ಸುತ್ತುತ್ತ ಟೇಪಿಗೆ ಉಜ್ಜುತ್ತದೆ. ಹೆಡ್ಡು ಸವೆಯುತ್ತದೆ, ರಬ್ಬರ್ ಬೆಲ್ಟು ಹಪ್ಪಳವಾಗುತ್ತದೆ. ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಮೊದಲು ಒಳ್ಳೆಯ ಡೆಕ್ಕಿಗೆ, ಅದನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ಕಿಗೆ ಹಾಕಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಡೆಕ್ಕಿಗೆ ಹಾಕಲೇಬೇಡಿ, ಒಂದರ ಬೂಷ್ಟು ಹತ್ತಕ್ಕೆ ಹತ್ತುತ್ತದೆ. ಕರಾವಳಿಗೆ ಹೋಲಿಸಿದರೆ ನಮ್ಮ ಒಣಸೀಮೆ ಟೇಪಿಗೆ ಒಳ್ಳೆಯದೇ, ಆದರೆ ಕಬ್ಬಿಣದ ಟ್ರಂಕಿನಲ್ಲಿ ಹಸಿ ಗೋಡೆಗೆ ಒತ್ತಿಕೊಂಡು ಮೂವತ್ತು ಮಳೆಗಾಲ ಕಂಡ ಕ್ಯಾಸೆಟ್ಟಿನ ಕಥೆ ಬೇರೆ. ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡಿ. ಅದಿಲ್ಲದಿದ್ದರೆ ಮೈಮರೆತು ರೆಕಾರ್ಡ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಆಮೇಲೆ ತುದಿಯಿಂದ ತುದಿಗೆ ಒಮ್ಮೆ ಸುತ್ತಿ, ಮೊದಲಿಗೆ ತಂದು, ಪ್ಲೇ ಒತ್ತಿ ಸುಮ್ಮನೆ ಕೂರಿ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆ. ವೇಗದ ಕಂಪ್ಯೂಟರಿಂದ ಒಂದು ನಿಮಿಷವೂ ಉಳಿಯುವುದಿಲ್ಲ.

ದೂರದ ಬೆಳಕನ್ನು ಅಂಕಿಯಾಗಿ ಹಿಡಿಯುವ ಕೆಲಸ ನಮ್ಮ ಜಿಲ್ಲೆಗೆ ಹೊಸತಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಇಲ್ಲಿ ಹೊಸಕೋಟೆಯ ಕ್ಯಾಂಪಸ್ಸಿನಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಮೋಡ ಕವಿದರೆ ಅವರು ಇನ್ನೊಂದು ರಾತ್ರಿ ಕಾಯಬಹುದು, ನಕ್ಷತ್ರ ಅಲ್ಲೇ ಇರುತ್ತದೆ. ಟೇಪು ಹಾಗಲ್ಲ, ಪ್ರತಿ ಓಟದಲ್ಲೂ ಒಂದಿಷ್ಟು ಪುಡಿ ಉದುರಿಸಿಕೊಂಡೇ ಬರುತ್ತದೆ. ಮೊದಲ ಓಟದಲ್ಲೇ ರೆಕಾರ್ಡ್ ಆಗುತ್ತಿರಬೇಕು.

ಹಿಡಿದದ್ದನ್ನು ಎಂಪಿ4 ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕೈ ತೊಳೆದುಕೊಳ್ಳುವುದು ನಮ್ಮ ಸ್ಟುಡಿಯೊಗಳ ರೂಢಿ. ನನ್ನ ಮಾತು ಕೇಳುವುದಾದರೆ ಮೊದಲ ಪ್ರತಿಯನ್ನು ಏನೂ ಕಳೆಯದಂತೆ ಅಡಕಿಸುವ ಎಫ್‌ಎಫ್‌ವಿ1 ಪದ್ಧತಿಯಲ್ಲಿ ಇಡಿ. 75 ಜಿಬಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಒಂದು ಚುಕ್ಕೆಯೂ ಹೋಗುವುದಿಲ್ಲ. ಅರೆ ನೇಯ್ಗೆಗಳನ್ನು ಬಿಡಿಸುವುದು, ಬಣ್ಣ ತಿದ್ದುವುದು ಎಲ್ಲ ಅದರ ನಕಲಿನ ಮೇಲೆ. ಹಳೆಯ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು. ಹೊಸ ಟಿವಿಯ ಅಗಲಕ್ಕೆ ಜಗ್ಗಿದರೆ ಮದುವೆಗೆ ಬಂದವರೆಲ್ಲ ಹೋಳಿಗೆ ತಿಂದು ಊದಿಕೊಂಡಂತೆ ಕಾಣುತ್ತಾರೆ. ಇನ್ನು 4ಕೆ ಮಾಡಿಕೊಡುತ್ತೇವೆ ಎಂಬ ಬೋರ್ಡುಗಳು. ವಿಎಚ್‌ಎಸ್ ಅಡ್ಡಕ್ಕೆ ಹಿಡಿದಿಡುವ ವಿವರವೇ ಸುಮಾರು 240 ಗೆರೆಯಷ್ಟು. ಅದಕ್ಕಿಂತ ಹೆಚ್ಚಿಗೆ ಕಂಡದ್ದೆಲ್ಲ ಯಂತ್ರದ ಊಹೆ. ಇಂಥ ಒಂದು ಸಾಫ್ಟ್‌ವೇರಿಗೆ ಕುತೂಹಲಕ್ಕೆ ಕೊಟ್ಟು ನೋಡಿದೆ. ವೀಳ್ಯದೆಲೆ ಅಗಿದು ಕೆಂಪಾಗಿದ್ದ ತಾತನ ಬಾಯಿಗೆ ಯಾರದೋ ಬೆಳ್ಳನೆಯ ಹಲ್ಲು ಕೂರಿಸಿಕೊಟ್ಟಿತು.

ನಮ್ಮಲ್ಲಿರುವ ಬಹುಪಾಲು ಕ್ಯಾಸೆಟ್ಟುಗಳು ಮೂಲ ಟೇಪಲ್ಲ ಎಂಬುದೂ ಗೊತ್ತಿರಲಿ. ಆಗ ಶೂಟಿಂಗ್ ಆದ ಮೇಲೆ ಮಿಕ್ಸಿಂಗ್ ಎಂದಿತ್ತು. ತಾವರೆ ಅರಳಿ ಅದರೊಳಗೆ ಮದುಮಗಳ ಮುಖ, ಹೃದಯದೊಳಗೆ ಇಬ್ಬರೂ, ಹಿಂದೆ ‘ಪ್ರೇಮಲೋಕ’ದ ಹಾಡು. ಅಷ್ಟೆಲ್ಲ ಸೇರಿಸಿ ಹೊಸ ಕ್ಯಾಸೆಟ್ಟಿಗೆ ಇಳಿಸಿ ಕೊಡುತ್ತಿದ್ದರು, ಮೂಲ ಟೇಪಿನ ಮೇಲೆ ಮುಂದಿನ ಮುಹೂರ್ತದ ಶೂಟಿಂಗ್. ನಕಲಿನ ನಕಲಿನಲ್ಲಿ ಬಣ್ಣ ಗೆರೆ ದಾಟಿ ಸೋರುತ್ತದೆ. ಹೆಣ್ಣಿನ ಕಡೆ, ಗಂಡಿನ ಕಡೆ ಎರಡೂ ಪ್ರತಿಗಳನ್ನು ತರಿಸಿ ನೋಡಿ, ಒಂದು ಖಂಡಿತ ಇನ್ನೊಂದಕ್ಕಿಂತ ಚೆನ್ನಾಗಿರುತ್ತದೆ. ಯೂಟ್ಯೂಬಿಗೆ ಹಾಕಿದರೆ ಹಿನ್ನೆಲೆಯ ಹಾಡಿಗೆ ಹಕ್ಕುಸ್ವಾಮ್ಯದ ತಕರಾರು ಬರುವುದೂ ಖಂಡಿತ. ತೊಂಬತ್ತರ ದಶಕದಲ್ಲಿ ಬಂದ ಮಿನಿ ಡಿವಿ ಟೇಪು ಇದ್ದವರು ಅದೃಷ್ಟವಂತರು. ಅದರೊಳಗೆ ಇರುವುದೇ ಅಂಕಿ. ಫೈರ್‌ವೈರ್ ಕಾರ್ಡಿನಲ್ಲಿ ಗಂಟೆಗೆ 13 ಜಿಬಿಯಂತೆ ಇದ್ದಂತೇ ಇಳಿಯುತ್ತದೆ. ಅದನ್ನು ಹಳದಿ ಪಿನ್ನಿನಲ್ಲಿ ಹಿಡಿಯಬೇಡಿ.

ಈಗಿನ ಹುಡುಗರಿಗೆ ಕ್ಯಾಪ್ಚರ್ ಕಾರ್ಡ್ ಎಂದರೆ ಎಚ್‌ಡಿಎಂಐ. 2020ರಲ್ಲಿ ಮದುವೆಗೆ ಐವತ್ತು ಜನರ ಮಿತಿ ಬಂದಾಗ ಛತ್ರದ ಮೂಲೆಯಲ್ಲಿ ಲ್ಯಾಪ್‌ಟಾಪ್, ಬೆರಳುದ್ದದ ಯುಎಸ್‌ಬಿ ಡಾಂಗಲ್, ಓಬಿಎಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇಟ್ಟುಕೊಂಡು ಊರೆಲ್ಲಕ್ಕೂ ಧಾರೆ ತೋರಿಸಿದವರು ನೆಲಮಂಗಲ, ದೇವನಹಳ್ಳಿಯ ಕ್ಯಾಮೆರಾದವರೇ. ಅಲ್ಲಿ ಲೆಕ್ಕ ಬೇರೆ. 1080 ಎಳೆಯ ಚಿತ್ರ ಸೆಕೆಂಡಿಗೆ 50 ಫ್ರೇಮಿನಂತೆ ಎಂದರೆ 207 ಎಂಬಿ. ಯುಎಸ್‌ಬಿ 2.0 ಪೂರ್ತಿ ತೆರೆದರೂ 60 ಎಂಬಿ, ಕೈಗೆ ಸಿಗುವುದು ಅದಕ್ಕೂ ಕಡಿಮೆ. ಹಾಗಾಗಿ ಅಗ್ಗದ ಡಾಂಗಲ್ ಚಿತ್ರವನ್ನು ಒಳಗೇ ಹಿಂಡಿ ಕಳಿಸುತ್ತದೆ, ಜರಿಯಂಚಿನ ಮೇಲೆ ಚೌಕಚೌಕ ಕಾಣುವುದು ಅದರಿಂದಲೇ. ಸ್ಲಾಟಿನ ಕಾರ್ಡಿಗೆ ಆ ಕಷ್ಟವಿಲ್ಲ. ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ಒಂದೇ ದಾರಿಯಲ್ಲಿ 500 ಎಂಬಿ ಹರಿಯುತ್ತದೆ. ಆದರೆ ಅಷ್ಟನ್ನು ಹಿಂಡದೆ ಬರೆದುಕೊಳ್ಳಲು ಒಂಟಿ ಹಾರ್ಡ್‌ಡಿಸ್ಕ್ ಸಾಲದು, ಎಸ್‌ಎಸ್‌ಡಿ ಬೇಕು. ವೇದಿಕೆಯಿಂದ ಮೂಲೆಗೆ ಉದ್ದ ಎಳೆಯುವಾಗ ಎಚ್‌ಡಿಎಂಐ ವೈರು ಹತ್ತು ಹದಿನೈದು ಮೀಟರಿಗೇ ಸುಸ್ತಾಗುತ್ತದೆ, ಊಟದ ಸಾಲಿಗೆ ಓಡುವ ಮಕ್ಕಳ ಕಾಲಿಗೆ ಸಿಕ್ಕಿ ಕಳಚಿಯೂ ಹೋಗುತ್ತದೆ. ತಿರುಪಿ ಬಿಗಿಯುವ ಪಿನ್ನಿನ ಎಸ್‌ಡಿಐ ಅದಕ್ಕೇ ಇರುವುದು. ಸೆಟ್‌ಟಾಪ್ ಬಾಕ್ಸಿನ ಚಿತ್ರ ಕಪ್ಪಾಗಿ ಬಂದರೆ ಕಾರ್ಡನ್ನು ಬೈಯಬೇಡಿ, ಅದು ಎಚ್‌ಡಿಸಿಪಿ ಬೀಗ.

ಮೂರು ಗಂಟೆ ಸುಮ್ಮನೆ ಕೂರಬೇಕಲ್ಲ, ಅತ್ತೆಯನ್ನೂ ಕರೆದು ಕೂರಿಸಿಕೊಂಡಿದ್ದೆ. ಅವರ ತವರು ದೇವನಹಳ್ಳಿ ತಾಲ್ಲೂಕಿನಲ್ಲಿ, ಈಗ ವಿಮಾನ ನಿಲ್ದಾಣದ ಕಾಂಪೌಂಡಿಗೆ ಅಂಟಿಕೊಂಡಿರುವ ಕಡೆ. ಸುಮಾರು 4000 ಎಕರೆಯಲ್ಲಿ ಅದು ಎದ್ದು, 2008ರ ಮೇನಲ್ಲಿ ವಿಮಾನ ಹಾರಲು ಶುರುವಾದ ಮೇಲೆ ಊರಿನ ಗುರುತುಗಳು ಒಂದೊಂದೇ ಹೋದವು. ಕ್ಯಾಮೆರಾದವನು ತೆಗೆಯುತ್ತಿದ್ದದ್ದು ಮದುವೆಯನ್ನು, ಆದರೆ ಅವನ ಚೌಕಟ್ಟಿನ ಅಂಚಿನಲ್ಲಿ ಊರು ನಿಂತಿತ್ತು. ಚಪ್ಪರದ ಹಿಂದೆ ಚಕ್ಕೋತದ ಮರ, ಕಾಯಿ ತೂಗುತ್ತಿವೆ. ಕಪಿಲೆ ಕಳಚಿದ ಬಾವಿಯ ಕಲ್ಲುಕಟ್ಟೆ. ರಾಗಿ ಮೆದೆ.

ಅತ್ತೆ ಮರವನ್ನೇನೂ ನೋಡಲಿಲ್ಲ. ಅವರು ಹೆಸರು ಹೇಳುತ್ತಿದ್ದರು. "ಇವಳು ನಮ್ಮ ದೊಡ್ಡಮ್ಮನ ನಾದಿನಿ. ಅಗೋ, ಕೊಡ ಹೊತ್ಕೊಂಡು ಹೋದನಲ್ಲ, ಅವನು ಅಡಿಗೆ ಭಟ್ಟರ ಕಡೆಯವನು, ಅದೇ ರಾತ್ರಿ ಬೋಂಡಾ ಎಲ್ಲ ಸೀದುಹಾಕಿದ್ದ." ಫೋನಿನ ರೆಕಾರ್ಡರ್ ಆನ್ ಮಾಡಿ ಅವರ ಪಕ್ಕದಲ್ಲಿಟ್ಟೆ. ಟೇಪಿನಲ್ಲಿರುವ ಇನ್ನೂರು ಮುಖಗಳಲ್ಲಿ ನನಗೆ ಗುರುತು ಸಿಕ್ಕಿದ್ದು ಹನ್ನೆರಡು. ಡೆಕ್ಕಿನ ಹಾಗೆಯೇ ಈ ಹೆಸರುಗಳನ್ನು ಹೇಳಬಲ್ಲವರೂ ಹೊಸದಾಗಿ ತಯಾರಾಗುತ್ತಿಲ್ಲ.

ಒಂದು ಕಡೆ ಅತ್ತೆ ಸಟ್ಟನೆ ಮುಂದಕ್ಕೆ ಬಾಗಿದರು. ಆರತಿ ತಟ್ಟೆಯ ಹಿಂದಿನಿಂದ, ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬರು ಅಡ್ಡ ಹಾದುಹೋಗಿದ್ದರು. ಕ್ಯಾಮೆರಾ ಇದೆ ಎಂಬುದೇ ಗೊತ್ತಿಲ್ಲದ ನಡಿಗೆ.

"ಅಪ್ಪ ಕಣೋ. ಹಿಂದಕ್ಕೆ ತಿರುಗಿಸು."

"ಈಗಾಗಲ್ಲ ಅತ್ತೆ, ರೆಕಾರ್ಡ್ ಆಗ್ತಾ ಇದೆ. ಮುಗೀಲಿ."

"ಮುಗಿಯೋದು ಎಷ್ಟೊತ್ತಿಗೆ?"

"ಇನ್ನೂ ಒಂದೂ ಮುಕ್ಕಾಲು ಗಂಟೆ."

ಅವರು ಎದ್ದು ಕಾಫಿಗೆ ಇಟ್ಟು ಬಂದರು. ಪಕ್ಕದ ಮನೆಯಲ್ಲಿ ಮಗ್ಗ ಮತ್ತೆ ಶುರುವಾಗಿತ್ತು. ಬೀಗರ ಔತಣ ಬಂತು, ಹೆಣ್ಣು ಒಪ್ಪಿಸುವುದು ಬಂತು, ಕೊನೆಗೆ ಪರದೆ ನೀಲಿಯಾಯಿತು. ಕ್ಯಾಸೆಟ್ಟನ್ನು ಡೆಕ್ಕಿನಿಂದ ತೆಗೆದು ಡಬ್ಬಿಗೆ ಹಾಕಿ, ಫೈಲು ತೆರೆದು, ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ಕೊಂಡುಹೋದೆ. ನಾಲ್ಕು ಸೆಕೆಂಡು. ಬಲಗಡೆ ಬಾಣದ ಗುರುತು ಯಾವುದು, ಎಡಗಡೆ ಯಾವುದು ಎಂದು ತೋರಿಸಿಕೊಟ್ಟೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಎಡಗಡೆಯದನ್ನು ಒತ್ತಿದರು. ಮತ್ತೆ ಒತ್ತಿದರು. ನಾನು ಮತ್ತೆ ಕಾಫಿಗೆ ಇಡಲು ಹೋದೆ.